ಸುಟ್ಟ ಕಡತ, ಉಳಿದ ಗಾಯ: ಕೀನ್ಯಾದ ಹಿರಿಯರು ಬ್ರಿಟನ್ ಸರ್ಕಾರವನ್ನ ಕೋರ್ಟಿಗೆ ಎಳೆದ ಕಥೆ

 ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಮೆಟ್ರೋದಲ್ಲೋ ಕ್ಯಾಬ್‌ನಲ್ಲೋ ಓದ್ತೀವಿ ಅನ್ನೋವ್ರಿಗಾಗಿ ಇದು ಈ ವಾರದ ಮಾತಿನ ಬರಹರೂಪ. ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಇವತ್ತಿನ ವಿಷಯ ಚಿತ್ರಹಿಂಸೆ. ಕೆಲವು ವಿವರಗಳು ಓದೋಕೆ ಕಷ್ಟ ಆಗಬಹುದು. ಆದಷ್ಟು ಸಂಯಮದಿಂದಲೇ ಹೇಳ್ತೀನಿ. ಆದರೆ ಏನು ನಡೀತು ಅಂತ ಹೇಳದೇನೇ ನ್ಯಾಯದ ಬಗ್ಗೆ ಮಾತಾಡೋದು ಸರಿಯಲ್ಲ.

ನಮ್ಮಲ್ಲಿ ಬಹಳ ಜನ ಸರ್ವರ್, ಡೇಟಾಬೇಸ್ ಜೊತೆ ಒದ್ದಾಡೋ ಮಂದಿ. ರಾತ್ರಿ ಎರಡು ಗಂಟೆಗೆ ಪ್ರೊಡಕ್ಷನ್ ಬಿದ್ದರೆ ಮೊದಲು ಕೈ ಹಾಕೋದೇ ಲಾಗ್‌ಗೆ. ಆ ಲಾಗನ್ನ ಅಳಿಸಿದವನೇ ಮಾರನೇ ದಿನ ಮೀಟಿಂಗಲ್ಲಿ ಕೂತು "ಲಾಗ್‌ನಲ್ಲಿ ಏನೂ ಇಲ್ಲವಲ್ಲ, ನಮ್ಮ ತಪ್ಪು ಅಂತ ಹೇಗೆ ಹೇಳ್ತೀರಿ?" ಅಂತ ಕೇಳಿದರೆ ನಮಗೆ ಹೇಗಾಗುತ್ತೆ? ಇವತ್ತು ಹೇಳೋ ಕಥೆಯಲ್ಲಿ ಅಳಿಸಿದ್ದು ಒಂದು ಸಾಮ್ರಾಜ್ಯ. ಕೇಳಿದ್ದು ಎಪ್ಪತ್ತು-ಎಂಬತ್ತರ ವಯಸ್ಸಿನ ಮುದುಕರು.

ಭೂಮಿಯಿಂದ ಶುರುವಾದ ಜಗಳ

ಕೀನ್ಯಾ ಬ್ರಿಟಿಷರ ವಸಾಹತು ಆಗಿತ್ತು. ನೈರೋಬಿಯ ಆಸುಪಾಸಿನ ತಂಪಾದ, ಫಲವತ್ತಾದ ಎತ್ತರದ ನೆಲವನ್ನ ಬಿಳಿಯರು ತಮಗೇ ಮೀಸಲಿಟ್ಟುಕೊಂಡಿದ್ದರು. ಅದಕ್ಕೆ 'ವೈಟ್ ಹೈಲ್ಯಾಂಡ್ಸ್' ಅಂತಲೇ ಹೆಸರು. ಆ ನೆಲವನ್ನ ನಂಬಿ ಬದುಕಿದ್ದವರಲ್ಲಿ ಕಿಕುಯು ಜನ ಮುಖ್ಯರು. ತಮ್ಮದೇ ಭೂಮಿಯ ಅಂಚಿನಲ್ಲಿ ಕೂಲಿಗಳಾಗಿ, ಕುತ್ತಿಗೆಗೆ 'ಕಿಪಾಂಡೆ' ಅನ್ನೋ ಗುರುತಿನ ಪತ್ರದ ಡಬ್ಬಿ ನೇತುಹಾಕಿಕೊಂಡು ಓಡಾಡಬೇಕಾದ ಸ್ಥಿತಿ ಅವರಿಗೆ ಬಂತು. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಪರವಾಗಿ ಹೋರಾಡಿ ಬಂದವರಿಗೂ ಊರಲ್ಲಿ ಒಂದು ತುಂಡು ನೆಲ ಇರಲಿಲ್ಲ. ಈ ಸಿಟ್ಟಿನಿಂದ ಹುಟ್ಟಿದ್ದೇ ಮೌ ಮೌ ಬಂಡಾಯ.

1952ರ ಅಕ್ಟೋಬರ್ 20ರಂದು ಗವರ್ನರ್ ಸರ್ ಎವೆಲಿನ್ ಬೇರಿಂಗ್ ತುರ್ತುಪರಿಸ್ಥಿತಿ ಘೋಷಿಸಿದರು. ಅದು ಮುಗಿದದ್ದು 1960ರ ಜನವರಿಯಲ್ಲಿ. ಜೋಮೋ ಕೆನ್ಯಾಟಾ ಅವರನ್ನ ಬಂಧಿಸಿ ಕಪೆಂಗುರಿಯಾದಲ್ಲಿ ವಿಚಾರಣೆ ನಡೆಸಿದಾಗ ಅವರ ಪರ ವಕೀಲರ ತಂಡದಲ್ಲಿ ನಮ್ಮ ದೇಶದ ದಿವಾನ್ ಚಮನ್ ಲಾಲ್ ಇದ್ದರು. ನೆಹರೂ ಬೆಂಬಲದಿಂದ ಹೋದವರು ಅವರು.

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಮೌ ಮೌ ಕಡೆಯವರೂ ಕ್ರೌರ್ಯ ನಡೆಸಿದರು. 1953ರ ಮಾರ್ಚಲ್ಲಿ ಲಾರಿ ಅನ್ನೋ ಊರಲ್ಲಿ ಸರ್ಕಾರದ ಪರ ಇದ್ದವರ ಮನೆಗಳಿಗೆ ಬೆಂಕಿ ಹಚ್ಚಿದರು. ಹೆಂಗಸರು, ಮಕ್ಕಳು ಸತ್ತರು. ಆದರೆ ಬ್ರಿಟನ್ನಿನ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂದದ್ದು ಬಿಳಿ ರೈತರ ಕೊಲೆಗಳ ಸುದ್ದಿ. ಇಡೀ ತುರ್ತುಪರಿಸ್ಥಿತಿಯಲ್ಲಿ ಸತ್ತ ಬಿಳಿ ವಲಸಿಗರು 32 ಜನ. ಗಲ್ಲಿಗೇರಿದ ಆಫ್ರಿಕನ್ನರು ಸಾವಿರಕ್ಕೂ ಹೆಚ್ಚು. ಇತಿಹಾಸಕಾರ ಡೇವಿಡ್ ಆಂಡರ್ಸನ್ ಕೊಡೋ ಲೆಕ್ಕ 1,090.

ಪೈಪ್‌ಲೈನ್

ಗಲ್ಲಿಗಿಂತ ದೊಡ್ಡ ಕಥೆ ಕ್ಯಾಂಪ್‌ಗಳದ್ದು. 1954ರ ಏಪ್ರಿಲ್ 24ರಂದು 'ಆಪರೇಷನ್ ಆನ್ವಿಲ್' ಹೆಸರಲ್ಲಿ ನೈರೋಬಿಯನ್ನ ಸೈನ್ಯ ಸುತ್ತುವರಿಯಿತು. ಕಿಕುಯು ಮತ್ತು ಅವರ ನೆರೆಯ ಎಂಬು, ಮೇರು ಜನರನ್ನ ಸಾವಿರಗಟ್ಟಲೆ ಹಿಡಿದು ಲಾರಿಗೆ ತುಂಬಿದರು. ಹಳ್ಳಿಗಾಡಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನ ಮನೆ ಬಿಡಿಸಿ, ಮುಳ್ಳುತಂತಿ ಮತ್ತು ಕಂದಕದ ಒಳಗಿನ ಹೊಸ 'ಹಳ್ಳಿ'ಗಳಲ್ಲಿ ಕೂಡಿಹಾಕಿದರು. ವಿಚಾರಣೆಯೇ ಇಲ್ಲದೆ ಬಂಧನದಲ್ಲಿದ್ದವರು ಸರ್ಕಾರದ ಲೆಕ್ಕದಲ್ಲೇ ಸುಮಾರು 80,000. ಇತಿಹಾಸಕಾರ್ತಿ ಕ್ಯಾರೊಲಿನ್ ಎಲ್ಕಿನ್ಸ್ ಪ್ರಕಾರ ಇದಕ್ಕಿಂತ ಎಷ್ಟೋ ಪಾಲು ಹೆಚ್ಚು.

ಈ ಕ್ಯಾಂಪ್‌ಗಳ ಸಾಲಿಗೆ ಅಧಿಕಾರಿಗಳೇ ಇಟ್ಟ ಹೆಸರು 'ಪೈಪ್‌ಲೈನ್'. ಹಿಡಿದವರನ್ನ ಬಿಳಿ, ಬೂದು, ಕಪ್ಪು ಅಂತ ವಿಂಗಡಿಸೋದು. 'ತಪ್ಪೊಪ್ಪಿಕೊಂಡರೆ' ಒಂದು ಕ್ಯಾಂಪ್ ಮುಂದಕ್ಕೆ, ಮನೆಗೆ ಹತ್ತಿರ. ಒಪ್ಪದಿದ್ದರೆ ಹಿಂದಕ್ಕೆ. ಆ ಒಪ್ಪಿಗೆಯನ್ನ ಹೊರಡಿಸೋಕೆ ಹೊಡೆತ, ಹಸಿವು, ಲೈಂಗಿಕ ಹಿಂಸೆ.

1957ರ ಜೂನ್‌ನಲ್ಲಿ ಕೀನ್ಯಾದ ಅಟಾರ್ನಿ ಜನರಲ್ ಎರಿಕ್ ಗ್ರಿಫಿತ್-ಜೋನ್ಸ್ ಗವರ್ನರ್‌ಗೆ ಒಂದು ಕಾಗದ ಬರೆದರು. ಮ್ವೇಯಾ ಕ್ಯಾಂಪ್‌ಗಳಲ್ಲಿ ಹೊಸ ಬಂದಿಗಳ ಮೇಲೆ ಎಂಥ ಬಲ ಬಳಸಬಹುದು ಅನ್ನೋದು ಅದರ ವಿಷಯ. ಗುಲ್ಮ, ಯಕೃತ್ತು, ಮೂತ್ರಪಿಂಡ ಇರೋ ಜಾಗಕ್ಕೆ ಹೊಡೆಯಬಾರದು. ಹೊಡೆಯುವವರು ಮನಸ್ಸನ್ನ ಶಾಂತವಾಗಿಟ್ಟುಕೊಂಡಿರಬೇಕು. ಎದುರಿಸಿ ಕಿರುಚಿದವನನ್ನ ನೆಲಕ್ಕೆ ಕೆಡವಿ, ಗಂಟಲ ಮೇಲೆ ಕಾಲಿಟ್ಟು, ಬಾಯಿಗೆ ಮಣ್ಣು ತುರುಕುತ್ತಿದ್ದ ಬಗೆಯೂ ಅದರಲ್ಲಿ ದಾಖಲಾಗಿದೆ. ಪಾಪ ಮಾಡೋದೇ ಆದರೆ ಸದ್ದಿಲ್ಲದೆ ಮಾಡಬೇಕು ಅನ್ನೋ ಅರ್ಥದ ಮಾತು ಬರೆದವರೂ ಇದೇ ಮನುಷ್ಯ. ಅವರು ರೌಡಿ ಅಲ್ಲ, ಪೊಲೀಸ್ ಪೇದೆಯೂ ಅಲ್ಲ. ಆ ದೇಶದ ಅತ್ಯುನ್ನತ ಕಾನೂನು ಅಧಿಕಾರಿ. ಅಂದರೆ, ಯಾರೋ ಕೆಳಗಿನವನು ಕೋಪದಲ್ಲಿ ಕೈ ಮಾಡಿದ ಅನ್ನೋ ಹಾಗಿಲ್ಲ. ಮೇಲಿನವರು ಕೂತು, ಯೋಚಿಸಿ, ಕಾಗದದಲ್ಲಿ ಬರೆದು ಮಾಡಿದ್ದು.

1959ರ ಮಾರ್ಚ್ 3ರಂದು ಹೋಲಾ ಕ್ಯಾಂಪ್‌ನಲ್ಲಿ, ಒತ್ತಾಯದ ಕೆಲಸಕ್ಕೆ ಒಪ್ಪದ ಬಂದಿಗಳಲ್ಲಿ 11 ಜನರನ್ನ ಹೊಡೆದು ಕೊಂದರು. ಸರ್ಕಾರದ ಮೊದಲ ಹೇಳಿಕೆ ಏನು ಗೊತ್ತಾ? ನೀರಿನ ಗಾಡಿಯಿಂದ ನೀರು ಕುಡಿದ ಮೇಲೆ ಸತ್ತರು ಅಂತ! ಮರಣೋತ್ತರ ಪರೀಕ್ಷೆ ಆ ಸುಳ್ಳನ್ನ ಬಯಲು ಮಾಡಿತು. ಆ ವರ್ಷದ ಜುಲೈನಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ದೊಡ್ಡ ಚರ್ಚೆ ಆಯ್ತು. ಆಳುವ ಪಕ್ಷದವರೇ ಆದ ಈನಕ್ ಪವೆಲ್ ಕೂಡ ಸರ್ಕಾರವನ್ನ ತರಾಟೆಗೆ ತಗೊಂಡರು. ಆದರೂ ಆ 11 ಸಾವಿಗೆ ಒಬ್ಬರ ಮೇಲೂ ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ.

ಬೂದಿಯನ್ನೂ ಪುಡಿ ಮಾಡಿ

ಈಗ ಕಡತಗಳ ವಿಷಯಕ್ಕೆ ಬರೋಣ. 1960ರ ಹೊತ್ತಿಗೆ ಸಾಮ್ರಾಜ್ಯ ಮನೆ ಖಾಲಿ ಮಾಡ್ತಿತ್ತು. 1961ರಲ್ಲಿ ವಸಾಹತು ಮಂತ್ರಿ ಇಯಾನ್ ಮ್ಯಾಕ್ಲೌಡ್ ಅವರ ಸೂಚನೆ ಹೋಯ್ತು: ಬ್ರಿಟಿಷ್ ಸರ್ಕಾರಕ್ಕೆ ಮುಜುಗರ ತರಬಹುದಾದ ಕಡತಗಳು ಹೊಸ ಸರ್ಕಾರಗಳ ಕೈಗೆ ಸಿಗಬಾರದು. ಕಡತಗಳನ್ನ ಎರಡು ಭಾಗ ಮಾಡಿದರು. 'ಲೆಗಸಿ' ಅಂದರೆ ಹೊಸ ಸರ್ಕಾರಕ್ಕೆ ಬಿಟ್ಟುಹೋಗುವವು. 'ವಾಚ್' ಅಂದರೆ ಸುಡಬೇಕಾದವು ಇಲ್ಲವೇ ಲಂಡನ್ನಿಗೆ ಕಳಿಸಬೇಕಾದವು. 'ವಾಚ್' ಕಡತಗಳನ್ನ ಮುಟ್ಟೋಕೆ ಯುರೋಪಿಯನ್ ಮೂಲದ ಬ್ರಿಟಿಷ್ ಪ್ರಜೆಗಳಿಗೆ ಮಾತ್ರ ಅನುಮತಿ.

ಸುಟ್ಟರೆ ಬೂದಿಯನ್ನೂ ಪುಡಿ ಮಾಡಬೇಕು. ಸುಡೋಕೆ ಆಗದಿದ್ದರೆ ಭಾರದ ಪೆಟ್ಟಿಗೆಗೆ ತುಂಬಿ, ದಡದಿಂದ ದೂರ, ಸೆಳೆತ ಇಲ್ಲದ ಆಳದ ನೀರಿಗೆ ಹಾಕಬೇಕು. ಇವೂ ಕಾಗದದ ಮೇಲೆ ಬಂದ ಆದೇಶಗಳೇ. 1963ರ ಡಿಸೆಂಬರ್ 12ರಂದು ಕೀನ್ಯಾ ಸ್ವತಂತ್ರವಾಯಿತು. ಅದಕ್ಕೂ ಮೊದಲೇ ಸುಮಾರು 300 ಪೆಟ್ಟಿಗೆಗಳಲ್ಲಿ 1,500 ಕಡತಗಳು ವಿಮಾನ ಹತ್ತಿ ಹೋಗಿದ್ದವು. ಕೀನ್ಯಾ ಸರ್ಕಾರ 1967ರಲ್ಲೇ ಅವನ್ನ ವಾಪಸ್ ಕೇಳಿತು. ಸಿಗಲಿಲ್ಲ.

ಇನ್ನು ಬದುಕುಳಿದವರ ಗತಿ ಏನು? ಅವರದೇ ದೇಶ ಸ್ವತಂತ್ರವಾಯಿತಲ್ಲ, ಆವಾಗಲಾದರೂ ಬಾಯಿ ಬಿಡಬಹುದಿತ್ತಲ್ಲ ಅಂತ ನಮಗನ್ನಿಸುತ್ತೆ. ಇಲ್ಲ. ಅಧಿಕಾರಕ್ಕೆ ಬಂದ ಕೆನ್ಯಾಟಾ, ಹಳೆಯದನ್ನ ಮರೆತು ಕ್ಷಮಿಸೋಣ ಅಂದರು. ಕ್ಯಾಂಪ್‌ಗಳಲ್ಲಿ ಹೊಡೆದ ಹೋಮ್ ಗಾರ್ಡ್‌ಗಳೂ ಹೊಡೆಸಿಕೊಂಡವರೂ ಒಂದೇ ಊರಲ್ಲಿ, ಅಕ್ಕಪಕ್ಕದ ಹೊಲಗಳಲ್ಲಿ ಬದುಕಬೇಕಿತ್ತು. ಬ್ರಿಟಿಷರು ಮೌ ಮೌ ಮೇಲೆ ಹಾಕಿದ್ದ ನಿಷೇಧವನ್ನ ಸ್ವತಂತ್ರ ಕೀನ್ಯಾ ತೆಗೆದದ್ದು ಯಾವಾಗ? 2003ರಲ್ಲಿ. ಅಂದರೆ 40 ವರ್ಷ ಸಂಘ ಕಟ್ಟಿಕೊಂಡು 'ನಾವು ಮೌ ಮೌ' ಅಂತ ಹೇಳಿಕೊಳ್ಳೋದೇ ಅಪರಾಧ. ಈ ಇಸವಿಯನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಐದು ಜನ

2005ರಲ್ಲಿ ಎರಡು ಪುಸ್ತಕ ಬಂದವು. ಆಂಡರ್ಸನ್ ಅವರದು ನೇಣುಗಳ ಇತಿಹಾಸ. ಎಲ್ಕಿನ್ಸ್ ಅವರದು ಕ್ಯಾಂಪ್‌ಗಳದ್ದು. ಎಲ್ಕಿನ್ಸ್ ಕೀನ್ಯಾದ ಹಳ್ಳಿಗಳನ್ನ ಸುತ್ತಿ ನೂರಾರು ಬದುಕುಳಿದವರ ಮಾತು ದಾಖಲಿಸಿದ್ದರು. ಅವರಿಗೆ ಪುಲಿಟ್ಜರ್ ಬಂತು, ಜೊತೆಗೆ ಟೀಕೆಯೂ ಬಂತು. ಅಂಕಿಗಳ ಬಗ್ಗೆ ಬಂದ ಟೀಕೆಯಲ್ಲಿ ಸ್ವಲ್ಪ ಹುರುಳೂ ಇತ್ತು. ಆದರೆ ಇನ್ನೊಂದು ಟೀಕೆ ಮುದುಕರ ನೆನಪನ್ನ ನಂಬಿ ಇತಿಹಾಸ ಬರೀಬಹುದಾ ಅನ್ನೋದು. ಕಾಗದ ಸುಟ್ಟವರ ಮಾತಿಗೆ ಬೆಲೆ ಇತ್ತು, ಮೈ ಸುಡಿಸಿಕೊಂಡವರ ಮಾತಿಗೆ ಇರಲಿಲ್ಲ.

2009ರ ಜೂನ್‌ನಲ್ಲಿ ಕೀನ್ಯಾ ಮಾನವ ಹಕ್ಕುಗಳ ಆಯೋಗ ಅನ್ನೋ ಸರ್ಕಾರೇತರ ಸಂಸ್ಥೆ ಮತ್ತು ಲಂಡನ್ನಿನ 'ಲೀ ಡೇ' ಅನ್ನೋ ವಕೀಲರ ಸಂಸ್ಥೆಯ ನೆರವಿನಿಂದ ಐದು ಜನ ಲಂಡನ್ ಹೈಕೋರ್ಟಿನಲ್ಲಿ ದಾವೆ ಹೂಡಿದರು. ಎನ್‌ಡಿಕು ಮುಟುವಾ, ಪೌಲೋ ನ್ಜಿಲಿ, ವಾಂಬುಗು ವಾ ನ್ಯಿಂಗಿ, ಜೇನ್ ಮುಥೋನಿ ಮಾರಾ, ಸೂಸನ್ ಎನ್‌ಗೊಂಡಿ.

ನ್ಜಿಲಿ ಅವರನ್ನ ಎಂಬಕಾಸಿ ಕ್ಯಾಂಪ್‌ನಲ್ಲಿ ಸರಪಳಿಯಿಂದ ಕಟ್ಟಿ, ಒಂದು ಅಡಿಗಿಂತ ಉದ್ದದ ಇಕ್ಕಳದಿಂದ ವೃಷಣ ಒಡೆದಿದ್ದರು. ಮಕ್ಕಳಾಗುವ ಆಸೆ ಆವತ್ತಿಗೇ ಮುಗಿಯಿತು. ಮುಟುವಾ ಅವರದೂ ಅದೇ ಕಥೆ. ಮಾರಾ ಹದಿಹರೆಯದ ಹುಡುಗಿಯಾಗಿದ್ದಾಗ ಬಂಡಾಯಗಾರರಿಗೆ ಊಟ ಕೊಟ್ಟಳು ಅಂತ ಹಿಡಿದುಕೊಂಡು ಹೋಗಿ ಲೈಂಗಿಕ ಚಿತ್ರಹಿಂಸೆ ಕೊಟ್ಟಿದ್ದರು. ನ್ಯಿಂಗಿ ಸುಮಾರು ಒಂಬತ್ತು ವರ್ಷ ವಿಚಾರಣೆಯಿಲ್ಲದೆ ಒಳಗಿದ್ದವರು. ಹೋಲಾದಲ್ಲಿ ಪ್ರಜ್ಞೆ ತಪ್ಪುವಂತೆ ಹೊಡೆಸಿಕೊಂಡು, ಸತ್ತನೆಂದು ಹೆಣಗಳ ಮಧ್ಯೆ ಬಿದ್ದಿದ್ದವರು.

ಬ್ರಿಟಿಷ್ ಸರ್ಕಾರದ ಮೊದಲ ವಾದ ಕೇಳಿದರೆ ದಂಗಾಗ್ತೀರಿ. ವಸಾಹತು ಸರ್ಕಾರದ ಹೊಣೆಯೆಲ್ಲ ಸ್ವಾತಂತ್ರ್ಯದ ದಿನ ಕೀನ್ಯಾ ಸರ್ಕಾರಕ್ಕೆ ವರ್ಗ ಆಯ್ತು, ನಮ್ಮನ್ನ ಕೇಳಬೇಡಿ ಅನ್ನೋದು. ಹೊಡೆದವರು ನಾವು, ಪರಿಹಾರ ಹೊಡೆಸಿಕೊಂಡವರ ದೇಶದ ತೆರಿಗೆಯಿಂದ ಕೊಡಲಿ ಅಂತ!

ಅಷ್ಟರಲ್ಲಿ ಸರ್ಕಾರದ ಮನೆಯಿಂದಲೇ ಬಾಂಬ್ ಸಿಡಿಯಿತು. ವಿಮಾನ ಹತ್ತಿದ ಆ 300 ಪೆಟ್ಟಿಗೆ ಎಲ್ಲಿ ಅಂತ ಆಂಡರ್ಸನ್ ತಮ್ಮ ಸಾಕ್ಷ್ಯ ಹೇಳಿಕೆಯಲ್ಲಿ ಕೇಳಿದರು. ಹುಡುಕಲೇಬೇಕಾಯ್ತು. 2011ರಲ್ಲಿ ವಿದೇಶಾಂಗ ಇಲಾಖೆ ಒಪ್ಪಿಕೊಂಡಿತು: ಲಂಡನ್ನಿನ ಉತ್ತರಕ್ಕಿರುವ ಹ್ಯಾನ್ಸ್‌ಲೋಪ್ ಪಾರ್ಕ್ ಅನ್ನೋ ಬಿಗಿಭದ್ರತೆಯ ಸರ್ಕಾರಿ ಜಾಗದಲ್ಲಿ ಆ ಕಡತಗಳಿವೆ. ಕೀನ್ಯಾದವು ಮಾತ್ರ ಅಲ್ಲ. 37 ಹಳೆಯ ವಸಾಹತುಗಳ ಸುಮಾರು 8,800 ಕಡತ. ಅರ್ಧ ಶತಮಾನ ಯಾರಿಗೂ ತೋರಿಸದೆ ಇಟ್ಟಿದ್ದವು. ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಇತಿಹಾಸಕಾರರಾದ ಎಲ್ಕಿನ್ಸ್, ಆಂಡರ್ಸನ್, ಹ್ಯೂ ಬೆನೆಟ್ ಆ ರಾಶಿಯನ್ನ ಜಾಲಾಡಿದರು. ಮುದುಕರು ಬಾಯಲ್ಲಿ ಹೇಳಿದ್ದಕ್ಕೆ ಅಧಿಕಾರಿಗಳದೇ ಕೈಬರಹದ ಪುರಾವೆ ಸಿಗತೊಡಗಿತು.

2011ರ ಜುಲೈ 21ರಂದು ನ್ಯಾಯಮೂರ್ತಿ ಮೆಕೂಂಬ್, ಈ ದಾವೆಯಲ್ಲಿ ವಾದಿಸೋಕೆ ಹುರುಳಿದೆ, ನಡೆಯಲಿ ಅಂದರು. ಚಿತ್ರಹಿಂಸೆಯಿಂದ ಪಡೆದ ಸಾಕ್ಷ್ಯವನ್ನ ಯಾವ ಕಾರಣಕ್ಕೂ ಒಪ್ಪದ ನ್ಯಾಯವ್ಯವಸ್ಥೆ, ಚಿತ್ರಹಿಂಸೆ ತಡೆಯದ ತನ್ನದೇ ಸರ್ಕಾರದ ಮೇಲಿನ ದೂರನ್ನ ಕೇಳಿಸಿಕೊಳ್ಳೋದೇ ಇಲ್ಲ ಅಂದರೆ ಅದು ಮಾನಗೇಡು ಅನ್ನಿಸಬಹುದು ಅನ್ನೋ ಧಾಟಿಯಲ್ಲಿ ಬರೆದರು.

ಸರ್ಕಾರದ ಎರಡನೇ ವಾದ ಕಾಲಮಿತಿಯದು. ನಮ್ಮ ಲಿಮಿಟೇಷನ್ ಆಕ್ಟ್ ಥರಾನೇ ಅಲ್ಲೂ ಇದೆ. ದೈಹಿಕ ಹಾನಿಯ ದಾವೆಗೆ ಸಾಮಾನ್ಯವಾಗಿ 3 ವರ್ಷ. ಇದು 50 ವರ್ಷ ಹಳೆಯದು, ಸಾಕ್ಷಿಗಳು ಸತ್ತಿದ್ದಾರೆ, ನ್ಯಾಯವಾದ ವಿಚಾರಣೆ ಸಾಧ್ಯವಿಲ್ಲ ಅಂದರು. ಸ್ವಾರಸ್ಯ ಏನಂದ್ರೆ, 2012ರ ಜುಲೈನಲ್ಲಿ ಅದೇ ಸರ್ಕಾರದ ವಕೀಲರು ಕೋರ್ಟಿನಲ್ಲಿ ನಿಂತು, ಇವರಿಗೆ ಚಿತ್ರಹಿಂಸೆ ಆಗಿದ್ದು ನಿಜ, ಅದನ್ನ ನಾವು ಅಲ್ಲಗಳೆಯೋದಿಲ್ಲ ಅಂತ ಒಪ್ಪಿದ್ದರು. ನಡೆದದ್ದು ನಿಜ, ಆದರೆ ತಡ ಆಯ್ತು!

2012ರ ಅಕ್ಟೋಬರ್ 5ರಂದು ತೀರ್ಪು ಬಂತು. ಆ ಹೊತ್ತಿಗೆ ನ್ಜಿಲಿ, ನ್ಯಿಂಗಿ, ಮಾರಾ ಈ ಮೂವರ ದಾವೆ ಮಾತ್ರ ಉಳಿದಿತ್ತು. ಸೂಸನ್ ಎನ್‌ಗೊಂಡಿ ಕಾಯುತ್ತಲೇ ತೀರಿಕೊಂಡಿದ್ದರು. ನ್ಯಾಯಮೂರ್ತಿಗಳು ಹೇಳಿದ್ದು: ಕಾಲ ಮೀರಿದ್ದರೂ ದಾಖಲೆಗಳು ಇಷ್ಟೊಂದಿವೆ, ನ್ಯಾಯವಾದ ವಿಚಾರಣೆ ಈಗಲೂ ಸಾಧ್ಯ. ನೈರೋಬಿಯಲ್ಲಿ ಆ ಮುದುಕರು ಕೋಲು ಹಿಡಿದೇ ಕುಣಿದರು.

2013ರ ಜೂನ್ 6ರಂದು ವಿದೇಶಾಂಗ ಮಂತ್ರಿ ವಿಲಿಯಂ ಹೇಗ್ ಸಂಸತ್ತಿನಲ್ಲಿ ನಿಂತು, ಕೀನ್ಯಾದ ಜನ ವಸಾಹತು ಆಡಳಿತದ ಕೈಯಲ್ಲಿ ಚಿತ್ರಹಿಂಸೆಗೆ ಒಳಗಾದರು ಅನ್ನೋದನ್ನ ಸರ್ಕಾರ ಒಪ್ಪುತ್ತದೆ, ವಿಷಾದಿಸುತ್ತದೆ ಅಂದರು. 5,228 ಜನರಿಗೆ ಒಟ್ಟು 1.99 ಕೋಟಿ ಪೌಂಡ್, ಖರ್ಚುವೆಚ್ಚ ಸೇರಿ. ತಲಾ ಲೆಕ್ಕ ಹಾಕಿದರೆ ಸುಮಾರು 3,800 ಪೌಂಡ್. ವಕೀಲರ ಖರ್ಚು ತೆಗೆದರೆ ಅದಕ್ಕೂ ಕಡಿಮೆ. ಜೊತೆಗೆ ನೈರೋಬಿಯಲ್ಲಿ ಒಂದು ಸ್ಮಾರಕ. 2015ರ ಸೆಪ್ಟೆಂಬರ್‌ನಲ್ಲಿ ಉಹುರು ಪಾರ್ಕ್‌ನಲ್ಲಿ ಅದು ಎದ್ದು ನಿಂತಿತು. ಆದರೆ ಕಾನೂನಿನ ಹೊಣೆಯನ್ನ ಮಾತ್ರ ಒಪ್ಪಿಕೊಳ್ಳಲಿಲ್ಲ.

ನಲವತ್ತು ಸಾವಿರ ಜನ

ಸಿನಿಮಾ ಆಗಿದ್ದರೆ ಕಥೆ ಇಲ್ಲಿಗೇ ಮುಗೀತಿತ್ತು. ಮುಗಿಯಲಿಲ್ಲ. ಈ ಒಪ್ಪಂದ ಆದಮೇಲೆ ಇನ್ನೂ 40,000ಕ್ಕೂ ಹೆಚ್ಚು ಕೀನ್ಯನ್ನರು ಅದೇ ಲಂಡನ್ ಹೈಕೋರ್ಟಿಗೆ ಬಂದರು. 2016ರಲ್ಲಿ ವಿಚಾರಣೆ ಶುರುವಾಯ್ತು. ಆಯ್ದ ಕೆಲವರ ಪ್ರಕರಣಗಳನ್ನ ಮಾದರಿಯಾಗಿ ತಗೊಂಡು ಕೋರ್ಟ್ ಕೇಳಿತು. 2018ರ ನವೆಂಬರ್‌ನಲ್ಲಿ ಬೇರೊಬ್ಬ ನ್ಯಾಯಮೂರ್ತಿ ಅಷ್ಟೂ ಜನರ ದಾವೆ ವಜಾ ಮಾಡಿದರು. ಕಾರಣ? ಬಹಳ ಕಾಲ ಕಳೆದಿದೆ, ಸಾಕ್ಷಿಗಳಿಲ್ಲ, ಸರ್ಕಾರ ತನ್ನನ್ನ ಸಮರ್ಥಿಸಿಕೊಳ್ಳೋಕೆ ನ್ಯಾಯವಾದ ಅವಕಾಶ ಇಲ್ಲ.

ಕಾನೂನಿನ ದೃಷ್ಟಿಯಿಂದ ಎರಡು ಪ್ರಕರಣಕ್ಕೂ ವ್ಯತ್ಯಾಸ ಇದೆ, ಒಪ್ಪೋಣ. ಮೊದಲಿನವರ ಗಾಯ ಮೈಮೇಲೆ ಕಾಣುವಂಥದ್ದು, ಕಡತದಲ್ಲಿ ಹೆಸರಿಟ್ಟ ಕ್ಯಾಂಪ್‌ಗಳಲ್ಲಿ ಆದದ್ದು. ನಂತರದವರಲ್ಲಿ ಎಷ್ಟೋ ಜನರಿಗೆ ಯಾರು, ಯಾವತ್ತು ಹೊಡೆದರು ಅನ್ನೋದನ್ನ ಹೇಳೋಕೂ ಆಗಲಿಲ್ಲ. ನ್ಯಾಯಮೂರ್ತಿಗಳಿಗೆ ದುರುದ್ದೇಶ ಇತ್ತು ಅಂತ ನಾನು ಹೇಳ್ತಿಲ್ಲ. ಆದರೆ ಒಂದು ಸರಳ ಪ್ರಶ್ನೆ ಇದೆ. ತಡ ಆಗಿದ್ದು ಯಾರಿಂದ? ಕಡತ ಸುಟ್ಟದ್ದು ಯಾರು, ಮುಚ್ಚಿಟ್ಟದ್ದು ಯಾರು? 2003ರವರೆಗೆ ಸಂಘ ಕಟ್ಟುವುದೇ ಅಪರಾಧ, 2011ರವರೆಗೆ ಪುರಾವೆ ಬೀಗದೊಳಗೆ. ಹಾಗಿದ್ದಾಗ ಹಳ್ಳಿಯ ಒಬ್ಬ ಅಜ್ಜಿ 1960ರ ದಶಕದಲ್ಲೇ ಲಂಡನ್ನಿಗೆ ಬಂದು ದಾವೆ ಹಾಕಬೇಕಿತ್ತಾ? ಮುಚ್ಚಿಟ್ಟವನಿಗೇ ಮುಚ್ಚಿಟ್ಟ ಲಾಭ ಸಿಗೋ ಹಾಗಾಯ್ತು. ನನಗೆ ಈ ಇಡೀ ಇತಿಹಾಸದಿಂದ ಅರ್ಥ ಆಗಿದ್ದು ಇದೇ: ಹೊಡೆತದ ಆಯುಧ ಲಾಠಿ, ಇಕ್ಕಳ. ಹೊಡೆದಮೇಲೆ ಬಳಸೋ ಆಯುಧ ಕಾಲ.

2005ರಲ್ಲಿ ವಿಶ್ವಸಂಸ್ಥೆ ಒಪ್ಪಿದ ತತ್ವಗಳ ಪ್ರಕಾರ ಸಂತ್ರಸ್ತರಿಗೆ ಸಲ್ಲಬೇಕಾದದ್ದು ಹಣ ಮಾತ್ರ ಅಲ್ಲ. ಸಾಧ್ಯವಾದಷ್ಟು ಹಿಂದಿನ ಸ್ಥಿತಿಗೆ ತರೋದು, ಪರಿಹಾರಧನ, ಚಿಕಿತ್ಸೆ ಮತ್ತು ಪುನರ್ವಸತಿ, ಸತ್ಯವನ್ನ ಬಹಿರಂಗವಾಗಿ ಒಪ್ಪಿ ಗೌರವ ಕೊಡೋದು, ಮತ್ತೆ ಹೀಗಾಗದ ಖಾತರಿ. ಕೀನ್ಯಾದ ಹಿರಿಯರಿಗೆ ಸ್ವಲ್ಪ ಹಣ ಸಿಕ್ಕಿತು, ಅರ್ಧ ಸತ್ಯ ಸಿಕ್ಕಿತು. ಭೂಮಿ ಸಿಗಲಿಲ್ಲ. 2023ರಲ್ಲಿ ದೊರೆ ಚಾರ್ಲ್ಸ್ ನೈರೋಬಿಗೆ ಹೋದಾಗಲೂ ತೀವ್ರ ವಿಷಾದ ಅಂದರೇ ಹೊರತು ಕ್ಷಮೆ ಕೇಳಲಿಲ್ಲ.

ನಮ್ಮ ಹೆದ್ದಾರಿಯ ಪಕ್ಕದಲ್ಲೇ

"ಸಾರ್, ಇದೆಲ್ಲ ಬಿಳಿಯರ ಕಥೆ, ನಮಗ್ಯಾಕೆ?" ಅಂತ ಯಾರಾದರೂ ಕೇಳೋ ಮೊದಲು ಒಂದು ಊರಿನ ಹೆಸರು ಹೇಳ್ತೀನಿ. ಹಬ್ಬಕ್ಕೆ ಚೆನ್ನೈಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಲ್ಲಿ ಹೋಗ್ತಾ ಕೃಷ್ಣಗಿರಿ ದಾಟ್ತೀವಲ್ಲ, ಅದರ ದಕ್ಷಿಣಕ್ಕೇ ಧರ್ಮಪುರಿ ಜಿಲ್ಲೆ. ಅಲ್ಲಿ ವಾಚಾತಿ ಅನ್ನೋ ಆದಿವಾಸಿ ಹಳ್ಳಿ. 1992ರ ಜೂನ್ 20ರಂದು ಗಂಧದ ಮರ ಬಚ್ಚಿಟ್ಟಿದ್ದಾರೆ ಅಂತ ಅರಣ್ಯ, ಪೊಲೀಸ್, ಕಂದಾಯ ಇಲಾಖೆಯವರು ಆ ಊರಿಗೆ ನುಗ್ಗಿದರು. ಜನರನ್ನ ಬಡಿದರು, ಮನೆ ಹಾಳು ಮಾಡಿದರು, 18 ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ ಮಾಡಿದರು. ಆರೋಪಿಗಳು 269 ಸರ್ಕಾರಿ ನೌಕರರು. ಧರ್ಮಪುರಿ ಕೋರ್ಟ್ ತೀರ್ಪು ಕೊಟ್ಟದ್ದು 2011ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಿ 54 ಆರೋಪಿಗಳು ಸತ್ತೇ ಹೋಗಿದ್ದರು. ಉಳಿದ 215 ಜನರಿಗೂ ಶಿಕ್ಷೆ ಆಯ್ತು. ಮದ್ರಾಸ್ ಹೈಕೋರ್ಟ್ 2023ರಲ್ಲಿ ಅದನ್ನ ಎತ್ತಿಹಿಡಿದು, ಆ 18 ಮಂದಿಗೆ ತಲಾ 10 ಲಕ್ಷ ಪರಿಹಾರ ಕೊಡಬೇಕು, ಅದರಲ್ಲಿ ಅರ್ಧವನ್ನ ಅಪರಾಧಿಗಳಿಂದಲೇ ವಸೂಲಿ ಮಾಡಬೇಕು ಅಂದಿತು. ಮೂವತ್ತೊಂದು ವರ್ಷ ಬೇಕಾಯ್ತು.

ಇನ್ನು ವೀರಪ್ಪನ್ ಬೇಟೆಯ ಹೆಸರಲ್ಲಿ ಮಲೆ ಮಹದೇಶ್ವರ ಬೆಟ್ಟದ ಸುತ್ತಮುತ್ತ, ನಮ್ಮದೇ ರಾಜ್ಯದಲ್ಲಿ, ಕಾರ್ಯಪಡೆಯ ಕೈಗೆ ಸಿಕ್ಕ ಹಳ್ಳಿಗರ ದೂರುಗಳನ್ನ ಕೇಳೋಕೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ನೇತೃತ್ವದ ಸಮಿತಿ ಮಾಡಿತು. 2007ರಲ್ಲಿ 89 ಜನರಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರಕ್ಕೆ ಆಯೋಗ ಹೇಳಿತು. ವೀರಪ್ಪನ್ ಬಗ್ಗೆ ನಾವು ಎಷ್ಟು ಸಿನಿಮಾ, ಸೀರೀಸ್ ನೋಡಿದ್ದೀವಿ! ಈ 89 ಜನರ ಬಗ್ಗೆ ಎಷ್ಟು ಕೇಳಿದ್ದೀವಿ?

ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರಲ್ಲೇ ಸಹಿ ಹಾಕಿದೆ. ಅನುಮೋದನೆ ಮಾತ್ರ ಮಾಡಿಲ್ಲ. 2010ರಲ್ಲಿ ಲೋಕಸಭೆ ಒಂದು ಮಸೂದೆ ಪಾಸು ಮಾಡಿತು, ಅದು ರಾಜ್ಯಸಭೆ ದಾಟಲಿಲ್ಲ. 2017ರಲ್ಲಿ ಕಾನೂನು ಆಯೋಗ ತನ್ನ 273ನೇ ವರದಿಯಲ್ಲಿ ಮತ್ತೆ ಶಿಫಾರಸು ಮಾಡಿತು. 1993ರ ನೀಲಾಬತಿ ಬೆಹೆರಾ ತೀರ್ಪು ಲಾಕಪ್ ಸಾವಿಗೆ ಸರ್ಕಾರವೇ ಪರಿಹಾರ ಕೊಡಬೇಕು ಅಂದಿತು. 1996ರ ಡಿ.ಕೆ. ಬಸು ತೀರ್ಪು ಬಂಧನದ ನಿಯಮಗಳನ್ನ ಹಾಕಿಕೊಟ್ಟಿತು. 2020ರಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಪೊಲೀಸ್ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ರೆಕಾರ್ಡಿಂಗನ್ನ ತಿಂಗಳುಗಟ್ಟಲೆ ಕಾಪಾಡಬೇಕು ಅಂತ ಆದೇಶ ಮಾಡಿತು.

ಆ ಕೊನೆಯ ಆದೇಶ ಓದುವಾಗ ನನಗೆ ಹ್ಯಾನ್ಸ್‌ಲೋಪ್ ಪಾರ್ಕ್ ನೆನಪಾಯ್ತು. ಅಂಥ ರೆಕಾರ್ಡಿಂಗ್ ವ್ಯವಸ್ಥೆಗೆ ಕೋಡ್ ಬರೆಯೋರು, ಅದರ ಡೇಟಾ ಎಷ್ಟು ದಿನ ಇರಬೇಕು ಅಂತ ಕಾನ್ಫಿಗರೇಷನ್‌ನಲ್ಲಿ ಒಂದು ಅಂಕಿ ಹಾಕೋರು ನಮ್ಮ ಥರದವರೇ. ನಮಗದು ಸ್ಟೋರೇಜ್ ಖರ್ಚಿನ ಲೆಕ್ಕ. ಯಾರಿಗೋ ಅದು ಇರೋ ಒಂದೇ ಸಾಕ್ಷಿ. ಆ ಅಂಕಿ ಹಾಕುವಾಗ ವಾಂಬುಗು ವಾ ನ್ಯಿಂಗಿ ಅವರನ್ನ ಒಂದು ಸಲ ನೆನೆಸಿಕೊಳ್ಳಿ. ಹೆಣಗಳ ಮಧ್ಯದಿಂದ ಎದ್ದು ಬಂದ ಮನುಷ್ಯ, ನಡೆದದ್ದು ನಿಜ ಅಂತ ಹೇಳಿಸಿಕೊಳ್ಳೋಕೆ 50 ವರ್ಷಕ್ಕಿಂತ ಹೆಚ್ಚು ಕಾಯಬೇಕಾಯ್ತು.